ಒಂದು ಮೊರ ತೌಡು

"ಕಾಣ್ತಿದೆಯಾ?" ಎಂದು ಡಾಕ್ಟರು ಎರಡನೆಯ ಸಲ ಕೇಳಿದಾಗ ಪಾಲಾಕ್ಷ "ಕಾಣ್ತಿದೆ" ಎಂದುಬಿಟ್ಟ.

ಕಂಡದ್ದು ತನ್ನ ರೆಪ್ಪೆಗೂದಲು ಮಾತ್ರ. ನೀಲಿ ಬಯಲಿನಲ್ಲಿ ಕೆಂಪು ಕಡ್ಡಿಗಳು ಚೆಲ್ಲಿರುತ್ತವೆ ಎಂದು ಡಾಕ್ಟರ್ ಚನ್ನಬಸವಯ್ಯ ಹೇಳಿಕೊಟ್ಟಿದ್ದರು. ಸೂಕ್ಷ್ಮದರ್ಶಕಕ್ಕೆ ಬಲಗಣ್ಣು ಒತ್ತಿ ಎಷ್ಟು ಹೊತ್ತು ಬಗ್ಗಿ ನಿಂತರೂ ಅವನಿಗೆ ಕಂಡದ್ದು ಒಂದು ಬಿಳಿಯ ವೃತ್ತ, ಅದರ ಅಂಚಿನಲ್ಲಿ ಅಲ್ಲಾಡುವ ಕರಿಯ ಕೂದಲು. ಹಣೆಗಣ್ಣಿನ ದೇವರ ಹೆಸರಿಟ್ಟುಕೊಂಡದ್ದು ಸಾರ್ಥಕವಾಯಿತು. ಕಾಣಲಿಲ್ಲ ಎನ್ನಬಹುದಾಗಿತ್ತು. ಆದರೆ ಬಿ.ಎಸ್ಸಿ., ಬಿ.ಟಿ. ಮಾಡಿ ಹಾಸನದ ಹೈಸ್ಕೂಲಿನಲ್ಲಿ ಒಂಬತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುವವನು ಹಾಗೆನ್ನುವುದು ಹೇಗೆ?

"ನೀವು ಓದಿದವರು, ಹೆಚ್ಚಿಗೆ ಹೇಳೋದು ಬೇಡ," ಎಂದು ಡಾಕ್ಟರು ಗಾಜಿನ ಪಟ್ಟಿಯನ್ನು ತೆಗೆದಿಟ್ಟರು. "ನಿಮ್ಮಾಕೆಗೆ ಕ್ಷಯ. ಈಗೀಗ ಶುರುವಾಗಿರಬಹುದು. ಆದರೆ ಕಫದಲ್ಲಿ ಬಂದುಬಿಟ್ಟಿದೆ. ಮಗುವಿಗೆ ಎಷ್ಟು ದಿನ?"

"ಇಪ್ಪತ್ತಾರು."

"ಇವತ್ತೇ ಬೇರೆ ಮಾಡಿ. ತಾಯಿ ಹಾಲು ಕೂಡದು, ಮುದ್ದು ಕೂಡದು, ಒಂದೇ ಕೋಣೆ ಕೂಡದು. ಎದೆಹಾಲು ಸಿಕ್ಕೋ ಬೇರೆ ಮನೆ ಇದ್ದರೆ ಅಲ್ಲಿಡಿ. ಆಕೆಯನ್ನ ಮೈಸೂರಿನ ಸ್ಯಾನಟೋರಿಯಮ್ಮಿಗೆ ಸೇರಿಸೋಣ, ಕಾಗದ ಕೊಡ್ತೀನಿ."

"ಮಗು ಬದುಕುತ್ತೆ ಅಂತೀರಾ?"

"ಬೇರೆ ಮಾಡಿದರೆ ಬದುಕಬಹುದು. ಜೊತೇಲಿಟ್ಟರೆ ಕಷ್ಟ." ಡಾಕ್ಟರು ಕೈ ತೊಳೆಯಲು ಎದ್ದರು. "ಮೊದಲು ಆಕೆಗೆ ಹೇಳಿ. ನೀವೇ ಹೇಳಬೇಕು. ತಾಯಿ ತಾನಾಗಿ ಒಪ್ಪಿದರೇನೇ ಇದು ನಡೆಯೋದು."

ಪಾಲಾಕ್ಷ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಬೀದಿಗೆ ಬಂದಾಗ ಇನ್ನೂ ಒಂಬತ್ತೂವರೆ. ಮಂಗಳವಾರ, ಸಂತೆಯ ದಿನ. ಆಲೂಗೆಡ್ಡೆ ಮೂಟೆ ಹೊತ್ತ ಗಾಡಿಗಳು ಸಾಲಾಗಿ ಬರುತ್ತಿದ್ದವು. ಸ್ಕೂಲಿಗೆ ರಜೆಚೀಟಿ ಕಳಿಸಿಯಾಗಿತ್ತು. ಮಾಡಬೇಕಾದದ್ದು ಒಂದೇ ಕೆಲಸ, ಹೇಳಬೇಕಾದದ್ದು ಒಂದೇ ವಾಕ್ಯ. ಅವನು ನಡೆಯುತ್ತಲೇ ಅದನ್ನು ಕಟ್ಟತೊಡಗಿದ.

'ನೀಲಾ, ಹೆದರಬೇಡ' ಎಂದು ಶುರುಮಾಡಿದ. ಹಾಗೆಂದರೆ ಹೆದರುತ್ತಾಳೆ. ಹೊಡೆದುಹಾಕಿದ. 'ವಿಜ್ಞಾನ ಈಗ ಬಹಳ ಮುಂದುವರಿದಿದೆ.' ಇದು ಕಳೆದ ವರ್ಷ ವಾಚನಾಲಯದಲ್ಲಿ ಮಾಡಿದ ಭಾಷಣದ ಮೊದಲ ವಾಕ್ಯ, ಹೆಂಡತಿಗೆ ಹೇಳುವಂಥದ್ದಲ್ಲ. 'ಒಂದು ಸಣ್ಣ ವಿಷಯ.' ಥೂ. ಹುಡುಗರ ಉತ್ತರಪತ್ರಿಕೆಯಾಗಿದ್ದರೆ ಹತ್ತಕ್ಕೆ ಎರಡು ಕೊಡಬಹುದಾಗಿತ್ತು, ಅದೂ ಕೈಬರಹ ಚೆನ್ನಾಗಿದ್ದರೆ.

ನಾಲ್ಕನೆಯ ಫಾರಮ್ಮಿನ ಆರೋಗ್ಯಶಾಸ್ತ್ರದ ನೋಟ್ಸಿನಲ್ಲಿ ಕ್ಷಯಕ್ಕೆ ಅರ್ಧ ಪುಟ. ಪ್ರತಿವರ್ಷ ಅವನೇ ಬರೆಸುತ್ತಿದ್ದ: ರೋಗಿಯು ಕೆಮ್ಮುವಾಗ ಆರು ಅಡಿ ದೂರದಲ್ಲಿರತಕ್ಕದ್ದು. ಯಾಕೆ ಆರೇ ಅಡಿ, ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ನೀಲಾಂಬಿಕೆ ಯುಗಾದಿಯಿಂದ ಕೆಮ್ಮುತ್ತಿದ್ದಳು. ಅದು ಒಲೆಯ ಹೊಗೆಯಿಂದ ಎಂದು ತೀರ್ಮಾನ ಕೊಟ್ಟವನೂ ಅವನೇ. ಅಡಿಗೆಮನೆಯ ಸೂರಿನಲ್ಲಿ ನಾಲ್ಕು ಹೆಂಚು ತೆಗೆಸಿ ಹೊಗೆಗಿಂಡಿ ಇಡಿಸಿದ್ದ, ಬಂದವರಿಗೆಲ್ಲ ತೋರಿಸಿದ್ದ. ಹೊಗೆ ಚೆನ್ನಾಗಿಯೇ ಹೋಗುತ್ತಿತ್ತು. ಈಗ ಕ್ಷಯ ಎಂದು ಹೇಳಬೇಕಾದರೆ ಮೊದಲು ಆ ಹೊಗೆಗಿಂಡಿಯನ್ನು ಮುಚ್ಚಬೇಕು. ಹೆಂಡತಿ ಸಾಯಬಹುದು ಎಂಬ ಭಯಕ್ಕೂ ತಾನು ಪೆದ್ದನಾದೆ ಎಂಬ ನಾಚಿಕೆಗೂ ಎದೆಯಲ್ಲಿ ಒಂದೇ ಜಾಗವಿರುತ್ತದೆ ಎಂದು ಅವನಿಗೆ ಆವತ್ತು ಗೊತ್ತಾಯಿತು. ನಾಚಿಕೆ ಮೊದಲು ಬಂದು ಕೂತಿತ್ತು.

ಮನೆಯಲ್ಲಿ ಬಾಣಂತಿಕೋಣೆಯ ಹೊಸ್ತಿಲ ಈಚೆ ನಿಂತ. ಸಾಂಬ್ರಾಣಿಯ ಘಾಟು. ನೀಲಾಂಬಿಕೆ ಮಗುವಿಗೆ ಹಾಲು ಕೊಡುತ್ತಿದ್ದಳು. ಕೊಡುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಎಂದಿನಿಂದ ಹಾಗೆ ತಿರುಗಿಸುತ್ತಿದ್ದಾಳೋ ಅವನು ಗಮನಿಸಿರಲಿಲ್ಲ.

"ಏನಂದ್ರು?"

"ಮಗು ಇನ್ನೂ ಮೈ ಹಿಡೀಬೇಕಂತೆ."

"ನನ್ನ ಕಫ ತಗೊಂಡು ಹೋಗಿದ್ದು ಮಗು ವಿಷಯ ಕೇಳೋದಕ್ಕಾ?"

"ಅದಕ್ಕೂ ಏನೋ ಟಾನಿಕ್ ಅಂದರು."

ಹಸುಳೆ ಚೀಪುವ ಶಬ್ದ ಕೇಳುತ್ತಿತ್ತು.

"ಮೊದಲಿನ ಎರಡಕ್ಕೂ ನನ್ನ ಹಾಲೇ ಕುಡಿಸಿದ್ದು," ಎಂದಳು. "ಒಂದು ಹನ್ನೊಂದು ದಿನಕ್ಕೆ ಹೋಯ್ತು, ಇನ್ನೊಂದು ಮೂರು ತಿಂಗಳಿಗೆ. ಇದಕ್ಕೆ ಹಾಲು ಬಿಡಿಸು ಅಂದಿದ್ರೆ ಬಿಡಿಸ್ತೀನಿ. ಡಾಕ್ಟ್ರು ಏನಂದ್ರೋ ಹಾಗ್ಹಾಗೇ ಹೇಳಿ. ಇಬ್ಬರೂ ಯೋಚನೆ ಮಾಡೋಣ."

ಬಾಗಿಲನ್ನು ಅವಳೇ ಹಾರುಹೊಡೆದು ತೆರೆದಿದ್ದಳು. ಅವನು ಒಳಗೆ ಒಂದು ಕಾಲಿಟ್ಟರೆ ಸಾಕಿತ್ತು.

"ಬೇರೆ ಹಾಲಾದರೆ ಒಳ್ಳೇದು ಅನ್ನೋ ಹಾಗೆ ಅಂದರು."

"ಅನ್ನೋ ಹಾಗೆ ಅಂದ್ರಾ? ಇಲ್ಲ, ಅಂದ್ರಾ?"

"ಹೆಚ್ಚುಕಡಿಮೆ ಅಂದರು."

"ಆಡಿನ ಹಾಲು ಆದೀತಾ?"

"ಆಗಬಹುದು."

"ಇಷ್ಟು ಎಳೇದಕ್ಕೆ ಅರಗುತ್ತಾ?"

"ಅರಗದೇನೂ ಇರಬಹುದು."

ನೀಲಾಂಬಿಕೆ ನಕ್ಕಳು. "ಸ್ಕೂಲಲ್ಲೂ ಹೀಗೇನಾ ನೀವು ಪಾಠ ಮಾಡೋದು?"

ನಗು ಕೆಮ್ಮಾಯಿತು. ಮಗುವನ್ನು ಬಾಯಿಂದ ದೂರ ಹಿಡಿದು, ಸೆರಗು ಅಡ್ಡ ಇಟ್ಟುಕೊಂಡು ಕೆಮ್ಮಿದಳು. ಕೆಮ್ಮು ನಿಂತ ಮೇಲೆ, ಅವನನ್ನು ಸಮಾಧಾನ ಮಾಡುವವಳ ಹಾಗೆ, "ಹೊಗೆ," ಎಂದಳು.

ಪಾಲಾಕ್ಷ ಅಡಿಗೆಮನೆಗೆ ಹೋದ. ಅವನ ತಾಯಿ ಬಸವಲಿಂಗಮ್ಮ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದಳು. ಮಗು ಹುಟ್ಟಿದ ದಿನದಿಂದ ಅವಳದು ಒಂದೇ ರಾಗ. ಎರಡು ಹೋದ ಮನೆಯಲ್ಲಿ ಮೂರನೆಯದನ್ನು ತೌಡಿಗೆ ಮಾರಬೇಕು. ತಿಪ್ಪೆಯ ಮೇಲೆ ಮಲಗಿಸಿ, ತಾಯಿ ಮೂರು ಸಲ 'ಬೇಡ' ಎನ್ನಬೇಕು. ಬೇರೆ ಜಾತಿಯ ಹೆಂಗಸೊಬ್ಬಳು ಒಂದು ಮೊರ ತೌಡು ಕೊಟ್ಟು ಕೊಳ್ಳಬೇಕು. ಕೊಂಡ ಮೇಲೆ 'ನನ್ನ ಮಗೀನ ನೀನೇ ಸಾಕ್ಕೊಡವ್ವ' ಎಂದು ವಾಪಸು ತಾಯಿಯ ಮಡಿಲಿಗೆ ಹಾಕಬೇಕು. ಬೇಡದ ಮಗು, ಇನ್ನೊಬ್ಬರ ಮಗು ಎಂದು ತಿಳಿದು ಸಾವು ಹಿಂದಕ್ಕೆ ಹೋಗುತ್ತದೆ. ಈ ಪದ್ಧತಿಯನ್ನೇ ಎತ್ತಿಕೊಂಡು ಅವನು ವಾಚನಾಲಯದಲ್ಲಿ ಮುಕ್ಕಾಲು ಗಂಟೆ ಹಾಸ್ಯ ಮಾಡಿದ್ದ. ಸಾವಿಗೆ ತೌಡಿನ ಧಾರಣೆ ಗೊತ್ತಿರುತ್ತದೆಯೇ ಎಂದು ಕೇಳಿದಾಗ ಚಪ್ಪಾಳೆ ಬಿದ್ದಿತ್ತು. ಸುದ್ದಿ ಅವ್ವನ ಕಿವಿಗೂ ಬಿದ್ದು ಅವಳು ಎರಡು ದಿನ ಮಾತು ಬಿಟ್ಟಿದ್ದಳು.

"ಅವ್ವ," ಎಂದ. "ಅದೇನೋ ತೌಡಿಗೆ ಮಾರೋದು ಅಂತಿದ್ದೆಯಲ್ಲ."

ಅವಳು ಸೌಟು ಹಿಡಿದೇ ತಿರುಗಿದಳು. "ಯಾಕೆ, ಇನ್ನೊಂದು ಭಾಷಣ ಐತಾ?"

"ಮಾಡೋಣ ಅಂತ. ಇವತ್ತೇ."

"ಜ್ವರಗಿರ ಬಂದೈತೇನೋ ನಿಂಗೆ?" ಎಂದು ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಮುಖ ಅರಳಿತು, ಮರುಗಳಿಗೆಯೇ ಸಣ್ಣಗಾಯಿತು. "ಇವತ್ತು ಮಂಗಳವಾರ ಕಣೋ. ಮನೆಯಿಂದ ಏನೂ ಹೊರಕ್ಕೆ ಕೊಡಬಾರದು."

"ಕೊಡೋದಲ್ಲವಲ್ಲ ಅವ್ವ, ಮಾರೋದು."

ಬಸವಲಿಂಗಮ್ಮ ಯೋಚಿಸಿ, ಇದು ಸರಿಯೆಂದು ಒಪ್ಪಿದಳು. ಮಗ ಓದಿದ್ದು ದಂಡವಾಗಲಿಲ್ಲ ಎನ್ನುವಂತೆ ಅವನನ್ನು ನೋಡಿದಳು.

ಅವನ ತಲೆಯಲ್ಲಿ ಇದೆಲ್ಲ ಯಾವಾಗ ಹೊಳೆಯಿತೋ ಅವನೇ ಹೇಳಲಾರ. ಹೊಸ್ತಿಲಿಂದ ಒಲೆಯವರೆಗಿನ ಎಂಟು ಹೆಜ್ಜೆಯಲ್ಲಿ ಎಲ್ಲೋ ಹೊಳೆದಿರಬೇಕು. ಡಾಕ್ಟರೂ ಅವ್ವನೂ ಹೇಳಿದ್ದು ಒಂದೇ: ಮಗುವನ್ನು ತಾಯಿಯಿಂದ ಬೇರೆ ಮಾಡು. ಅವ್ವನ ದಾರಿಯಲ್ಲಿ ಒಂದು ಅನುಕೂಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಕೊನೆಯ ಒಂದು ಮಾತು ಬಿಟ್ಟರೆ ಸಾಕು. 'ನೀನೇ ಸಾಕ್ಕೊಡವ್ವ' ಎನ್ನುವ ಮಾತು.

ಕಟ್ಟಾಯದ ಕೃಷ್ಣಪ್ಪ ಪಾಲಾಕ್ಷನ ಹೊಲವನ್ನು ಅರ್ಧ ಬೆಳೆಯ ವಾರಕ್ಕೆ ಮಾಡುತ್ತಿದ್ದವನು. ಸಂತೆಯ ಬೇಲಿಯ ಪಕ್ಕ ಗಾಡಿ ಬಿಟ್ಟು ಬೀಡಿ ಸೇದುತ್ತಿದ್ದ. ಗಾಡಿಯಲ್ಲಿ ಖಾಲಿ ಚೀಲಗಳ ಮೇಲೆ ಅವನ ಹೆಂಡತಿ ನಂಜಮ್ಮ ಆರು ತಿಂಗಳ ಹೆಣ್ಣು ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ದುಂಡಗಿದ್ದ ಕೂಸು. ಪಾಲಾಕ್ಷ ಅದನ್ನು ಎಷ್ಟು ಆಸೆಯಿಂದ ನೋಡಿದನೆಂದರೆ ನಂಜಮ್ಮ ದೃಷ್ಟಿಯಾದೀತೆಂದು ಸೆರಗು ಮುಚ್ಚಿದಳು.

ಅವನು ಇಬ್ಬರಿಗೂ ಕ್ಷಯದ ವಿಷಯ, ಮಗುವನ್ನು ತೌಡಿಗೆ ಕೊಂಡು ತಮ್ಮಲ್ಲೇ ಇಟ್ಟುಕೊಳ್ಳಬೇಕಾದ ವಿಷಯ ಹೇಳಿದ. ಬಹಳ ಚೆನ್ನಾಗಿ ಹೇಳಿದ. ಒಂದು ಕಡೆಯೂ ತೊದಲಲಿಲ್ಲ. ಬೆಳಗಿನಿಂದ ಕಟ್ಟಿದ ವಾಕ್ಯವೆಲ್ಲ ಸಂತೆಯ ಬೇಲಿಯ ಪಕ್ಕ ನೀರು ಹರಿದ ಹಾಗೆ ಹರಿಯಿತು.

"ಅದ್ಕೇನ್ ಸಾ," ಎಂದ ಕೃಷ್ಣಪ್ಪ. "ನಮ್ ಕೂಸಿನ ಜತೆ ಅದೂ ಒಂದು ಬೆಳ್ಕೊತದೆ."

"ನೀ ಸುಮ್ಕಿರು," ಎಂದು ನಂಜಮ್ಮ ಗಂಡನನ್ನು ತಡೆದಳು. "ತಾಯವ್ರಿಗೆ ಏಳಿದ್ದೀರಾ ಸಾ?"

"ಅವ್ವನಿಗೆ ಹೇಳಿಲ್ಲ. ವಯಸ್ಸಾದವರು. ಲಿಂಗ ಕಟ್ಟಿದ ಮಗುವಿಗೆ ಬೇರೆಯವರ ಹಾಲು ಅಂದರೆ ರಂಪ ಮಾಡ್ತಾರೆ, ಅವರ ಮುಂದೆ ಈ ಮಾತು ಬೇಡ."

"ನಿಮ್ಮವ್ವನ್ನಲ್ಲ ನಾ ಕೇಳಿದ್ದು. ಎತ್ತ ತಾಯಿಗೆ. ಅವ್ರಿಗೆ ಏಳ್ದೆ ನಾನು ಕೂಸು ಮುಟ್ಟಾಕಿಲ್ಲ. ಕದ್ಕೊಂಡೋದಂಗಾಯ್ತದೆ."

ಒಂದು ಎತ್ತು ಕೊರಳು ಒದರಿತು. ಗಂಟೆಯ ಶಬ್ದ ನಿಲ್ಲುವವರೆಗೂ ಅವನಿಗೆ ಸಮಯ ಸಿಕ್ಕಿತು.

"ಹೇಳಿದ್ದೀನಿ," ಎಂದ.

"ಒಪ್ಪವ್ರಾ?"

"ಒಪ್ಪಿದ್ದಾಳೆ."

"ಗಟ್ಟಿಗಿತ್ತಿ ಕಣ ಆಯಮ್ಮ," ಎಂದು ನಂಜಮ್ಮ ಕಣ್ಣೊರಸಿಕೊಂಡಳು. ಪಾಲಾಕ್ಷನಿಗೂ ಹೆಂಡತಿಯ ಬಗ್ಗೆ ಹೆಮ್ಮೆಯೆನಿಸಿತು. ಅವಳು ಒಪ್ಪಿದ ರೀತಿಯನ್ನು ನೆನೆದು ಅವನೂ ಕಣ್ಣೊರಸಿಕೊಂಡ. ಅದು ನಡೆದೇ ಇಲ್ಲವೆಂಬುದು ಹತ್ತು ಹೆಜ್ಜೆ ನಡೆದ ಮೇಲೆ ನೆನಪಾಯಿತು.

ನಾಲ್ಕು ಗಂಟೆಗೆ ಗಾಡಿ ಹಿತ್ತಲ ಬಾಗಿಲಿಗೆ ಬಂತು. ಕೂಸು ಚೀಲಗಳ ಮೇಲೆ ನಿದ್ದೆಹೋಗಿತ್ತು. ತೌಡಿನ ಗಂಟು ಹಿಡಿದು ನಂಜಮ್ಮ ಇಳಿದಳು. ಬಸವಲಿಂಗಮ್ಮ ಹಿತ್ತಲ ತಿಪ್ಪೆಯ ಮೇಲೆ ಹಳೆಯ ಕಂಬಳಿ ಹಾಸಿ, ಗೋಮೂತ್ರ ಚಿಮುಕಿಸಿ, ಎಲ್ಲವನ್ನೂ ಅಣಿ ಮಾಡಿದ್ದಳು. ನೀಲಾಂಬಿಕೆ ತಲೆಗೆ ಬಟ್ಟೆ ಸುತ್ತಿಕೊಂಡು ಮಗುವನ್ನು ಎತ್ತಿ ತಂದಳು. ಬಿಸಿಲಿಗೆ ಬಂದು ಇಪ್ಪತ್ತಾರು ದಿನವಾಗಿತ್ತು, ಕಣ್ಣು ಕಿರಿದುಮಾಡಿದ್ದಳು.

"ನೀವೇ ನಗಾಡ್ತಿದ್ರಲ್ಲ ಇದಕ್ಕೆ," ಎಂದಳು ಮೆಲ್ಲಗೆ, ಅವನ ಪಕ್ಕದಿಂದ ಹಾದುಹೋಗುವಾಗ.

"ಅವ್ವನ ಸಮಾಧಾನಕ್ಕೆ."

"ಹೋಗಲಿ, ನನಗೂ ಒಂದಿಷ್ಟು ಸಮಾಧಾನಾನೇ," ಎಂದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಗೆಲುವಿತ್ತು.

ಮಗುವನ್ನು ಕಂಬಳಿಯ ಮೇಲೆ ಮಲಗಿಸಿದಳು. ಅದರ ತೋಳಿಗೆ ಕಟ್ಟಿದ್ದ ಲಿಂಗದ ಬಟ್ಟೆಗಂಟನ್ನು ಸರಿಪಡಿಸಿದಳು. ಎದ್ದು ನಿಂತು, ಅತ್ತೆ ಹೇಳಿಕೊಟ್ಟಂತೆ, "ಈ ಮಗು ನನಗೆ ಬೇಡ," ಎಂದಳು. ಮೊದಲ ಸಲ ಆಟದ ಮಾತಿನ ಹಾಗೆ ಬಂತು. ಎರಡನೆಯ ಸಲ ದನಿ ನಡುಗಿತು. ಮೂರನೆಯ ಸಲ ಬಾಯಿ ಅಲ್ಲಾಡಿದ್ದು ಮಾತ್ರ ಕಂಡಿತು.

"ಜೋರಾಗಿ ಅನ್ನು. ಕೇಳಿಸಬೇಕಾದೋರಿಗೆ ಕೇಳಿಸಬೇಕು," ಎಂದಳು ಬಸವಲಿಂಗಮ್ಮ.

"ಬೇಡ," ಎಂದು ನೀಲಾಂಬಿಕೆ ಕೂಗಿದಳು. ಪಕ್ಕದ ಹಿತ್ತಲ ಕಾಗೆಗಳು ಎದ್ದವು.

ನಂಜಮ್ಮ ಗಂಟು ಬಿಚ್ಚಿ ತೌಡನ್ನು ಮೊರಕ್ಕೆ ಸುರಿದಳು. ಮೊರವನ್ನು ನೀಲಾಂಬಿಕೆಯ ಕೈಗಿಟ್ಟಳು. ಬಗ್ಗಿ ಮಗುವನ್ನು ಎತ್ತಿಕೊಂಡಳು.

ಈಗ ಆ ಮಾತು ಬರಬೇಕಿತ್ತು. ನೀಲಾಂಬಿಕೆ ಮೊರ ಹಿಡಿದೇ ಕಾದಳು. ಮಗುವಿಗೆ ಜಾಗ ಮಾಡಲು ಮೊರವನ್ನು ಎಡಸೊಂಟಕ್ಕೆ ಆನಿಸಿಕೊಂಡು ಬಲಗೈ ಚಾಚಿದಳು. ನಂಜಮ್ಮ ಪಾಲಾಕ್ಷನ ಮುಖ ನೋಡಿದಳು. ಪಾಲಾಕ್ಷ ಗಡಿಯಾರ ನೋಡಿಕೊಂಡ. ಅದಕ್ಕೆ ಕೀಲಿ ಕೊಟ್ಟಿರಲಿಲ್ಲ, ಒಂಬತ್ತೂವರೆಗೇ ನಿಂತಿತ್ತು.

"ಸಾಕ್ಕೊಡು ಅನ್ನೇ ನಂಜಿ, ಮರೆತುಬಿಟ್ಯಾ?" ಎಂದಳು ಬಸವಲಿಂಗಮ್ಮ.

"ಅನ್ನೋದು ಬೇಡ ಅವ್ವ," ಎಂದ ಪಾಲಾಕ್ಷ. "ಹಿರೀಸಾವೆಯ ಕಡೆಯ ಒಬ್ಬರು ಅಯ್ಯನವರು ಸಿಕ್ಕಿದ್ದರು. ಎರಡು ಹೋದ ಮನೆಯಲ್ಲಿ ಬರೀ ಮಾತಿಗೆ ಮಾರಿದರೆ ಸಾಲದಂತೆ. ಕೊಂಡವರ ಮನೇಲೇ ಮಗು ಸ್ವಲ್ಪ ತಿಂಗಳು ಇರಬೇಕಂತೆ. ಹಸುವಿನ ಹಾಲು ಕುಡಿಸ್ತಾರೆ."

ಹಾಗೊಬ್ಬ ಅಯ್ಯನವರು ಹಿರೀಸಾವೆಯಲ್ಲಾಗಲಿ ಬೇರೆಲ್ಲೇ ಆಗಲಿ ಇರಲಿಲ್ಲ. ಜಗತ್ತಿನ ಮೌಢ್ಯಕ್ಕೆ ಒಂದು ಹೊಸ ಮೌಢ್ಯವನ್ನು ಸೇರಿಸಿದ ಮೊದಲ ಬಿ.ಎಸ್ಸಿ. ತಾನೇ ಇರಬೇಕು ಎಂದುಕೊಂಡ. ಅಯ್ಯನವರ ಹೆಸರು ಕೇಳಿ ಬಸವಲಿಂಗಮ್ಮ ತೆರೆದ ಬಾಯಿ ಮುಚ್ಚಿದಳು. ಆಮೇಲೆ, ಇದನ್ನು ಮೊದಲೇ ಹೇಳಬಾರದಿತ್ತೇ, ಬಟ್ಟೆಬರೆ ಕಟ್ಟುತ್ತಿದ್ದೆನಲ್ಲ ಎಂದು ಗೊಣಗುತ್ತ ಮಗುವಿನ ಕುಲಾವಿ ತರಲು ಒಳಗೆ ಹೋದಳು.

ನೀಲಾಂಬಿಕೆಯ ಚಾಚಿದ ಕೈ ಹಾಗೇ ಇತ್ತು. ನಂಜಮ್ಮ ಹತ್ತಿರ ಬಂದು ಆ ಕೈಯನ್ನು ಹಿಡಿದುಕೊಂಡಳು.

"ಅಳಬ್ಯಾಡಿ ಕಣವ್ವಾ. ನಿಮ್ ಅತ್ತೆ ಮುಂದೆ ಆಡ್ಬ್ಯಾಡ ಅಂದ್ರು ಮೇಷ್ಟ್ರು, ಅದ್ಕೆ ಸುಮ್ಕಿದ್ದೆ. ನನ್ ಕೂಸಿಗೆ ಒಂದು ಎದೆ, ಇದ್ಕೆ ಒಂದು. ನೀವು ಮೈಸೂರಿಗೋಗಿ ಬ್ಯಾಗ ವಾಸಿ ಮಾಡ್ಕೊಂಡು ಬನ್ನಿ. ಈಗೀಗ ಎದೆ ಕಾಯ್ಲೆಗೆಲ್ಲಾ ಔಸ್ದಿ ಕೊಡ್ತಾರಂತೆ. ಬಂದು ನಿಮ್ ಮಗೀನ ಇಸ್ಕೊಳ್ಳಿ."

ಬಸವಲಿಂಗಮ್ಮ ಕುಲಾವಿ ತಂದು ಮಗುವಿನ ತಲೆಗೆ ಹಾಕಿದಳು. ಕೃಷ್ಣಪ್ಪ ನೊಗ ಎತ್ತಿದ. ಗಾಡಿ ಹೊರಟು, ಬೇಲಿಯ ಮೂಲೆಯಲ್ಲಿ ತಿರುಗಿತು. ಮಗು ಒಂದು ಸಲ ಅತ್ತದ್ದು ಕೇಳಿಸಿತು. ಆಮೇಲೆ ಥಟ್ಟನೆ ನಿಂತಿತು. ಎದೆ ಸಿಕ್ಕಿರಬೇಕು. ನೀಲಾಂಬಿಕೆಯ ರವಿಕೆಯ ಮುಂಭಾಗ ಒದ್ದೆಯಾಗಿತ್ತು.

"ತೌಡನ್ನ ಹಸೂಗೆ ಹಾಕಿ, ಇಬ್ಬರೂ ಕೈಕಾಲು ತೊಳಕೊಂಡು ಒಳಗೆ ಬನ್ನಿ," ಎಂದು ಹೇಳಿ ಬಸವಲಿಂಗಮ್ಮ ಹೋದಳು.

ಹಿತ್ತಲಲ್ಲಿ ಇಬ್ಬರೇ ಉಳಿದರು. ಅವಳು ಮೊರವನ್ನು ಎರಡು ಕೈಯಲ್ಲೂ, ಮಗುವನ್ನು ಹಿಡಿಯುವ ಎತ್ತರದಲ್ಲಿ ಹಿಡಿದಿದ್ದಳು. ಅವನು ಎದುರಿಗೆ, ಎರಡು ಮೊಳ ದೂರದಲ್ಲಿದ್ದ.

"ನನಗೇನಾಗಿದೆ?" ಎಂದಳು.

ಕೇಳಿದ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಹೇಳಿಬಿಡಬೇಕು, ಈಗಲಾದರೂ ಅವಳ ಕೈ ಹಿಡಿದು ಹೇಳಿಬಿಡಬೇಕು ಎಂದು ನಿಜವಾಗಿಯೂ ಅನ್ನಿಸಿತು. ಬೆಳಗಿನಿಂದ ಕಟ್ಟಿ ಹೊಡೆದುಹಾಕಿದ ವಾಕ್ಯಗಳಲ್ಲಿ ಒಂದನ್ನು ಹುಡುಕಿ ತೆಗೆದ.

"ನೀಲಾ, ಹೆದರಬೇಡ..."

ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಎರಡು ಕೈಯಲ್ಲೂ ಮೊರವಿತ್ತು. ಸೆರಗು ತೆಗೆದುಕೊಳ್ಳಲಾಗಲಿಲ್ಲ. ಕೆಮ್ಮಿದ ರಭಸಕ್ಕೆ ಮೊರದ ತೌಡು ಭಗ್ಗನೆ ಎದ್ದು, ಇಳಿಬಿಸಿಲಿನಲ್ಲಿ ಕಣಕಣವಾಗಿ ಅವನ ಕಡೆಗೆ ಬಂತು. ಸೂಕ್ಷ್ಮದರ್ಶಕದಲ್ಲಿ ಕಾಣದಿದ್ದದ್ದೆಲ್ಲ ಬರಿಗಣ್ಣಿಗೇ ಕಂಡಂತಾಯಿತು. ಪಾಲಾಕ್ಷ ಉಸಿರು ಬಿಗಿಹಿಡಿದು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಮೂರನೆಯ ಹೆಜ್ಜೆಗೆ ಕಾಲು ಮೆತ್ತಗಿನದೊಂದರೊಳಗೆ ಹೂತಿತು.

ತಿಪ್ಪೆಯ ಮೇಲೆ, ಮಗುವನ್ನು ಮಲಗಿಸಿದ್ದ ಕಂಬಳಿಯ ಮೇಲೆ ನಿಂತಿದ್ದ. ನಡುವಿನ ದೂರವನ್ನು ಕಣ್ಣು ತಾನಾಗಿ ಅಳೆಯಿತು. ಆರು ಅಡಿ ಇದ್ದೀತು.

ನೀಲಾಂಬಿಕೆ ಕೆಮ್ಮು ನಿಲ್ಲಿಸಿ, ಅವನ ಮುಖ ನೋಡಿದಳು; ಅವನ ಕಾಲು ನೋಡಿದಳು. ಮೊರವನ್ನು ಎದೆಗೆ ಅವಚಿಕೊಂಡು, ಬಿಡುವಾದ ಕೈಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತಾನಾಗಿಯೇ ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಳು.